ನಡುರಸ್ತೆಯ ಕಟ್ಟೆ

ಅಡಿಲೇಡಿನ ರಸ್ತೆ ಎಂಜಿನಿಯರುಗಳ ಸಂಘದಲ್ಲಿ ಒಂದು ರೂಢಿಯಿತ್ತು. ಹೊಸ ಅಧ್ಯಕ್ಷರಾದವರು ಸಮಿತಿಯವರನ್ನೆಲ್ಲ ತಮಗಿಷ್ಟವಾದ ಒಂದು ರಸ್ತೆಗೆ ಕರೆದೊಯ್ದು ನಡೆದು ದಾಟಿಸಬೇಕು. ಆ ವರ್ಷ ಸರ್ಕಾರದ ಮುಂದಿಡುವ ಬೇಡಿಕೆಗಳಲ್ಲಿ ಯಾವುದು ಮೊದಲು ಎಂಬುದು ಅಲ್ಲೇ, ರಸ್ತೆಬದಿಯಲ್ಲಿ, ಕೈಯೆತ್ತಿ ತೀರ್ಮಾನವಾಗುತ್ತಿತ್ತು. ಎರಡನೆಯದನ್ನು ಯಾವ ಮಂತ್ರಿಯೂ ಓದುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಈ ಸಲದ ಹೊಸ ಅಧ್ಯಕ್ಷೆ ಡೆಸ್ಪೀನಾ ಆರಿಸಿಕೊಂಡದ್ದು ಬಂದರಿನ ಕಡೆ ಹೋಗುವ ಅಗಲ ರಸ್ತೆ. ಅದರಾಚೆಗಿನ ಗ್ರೀಕರ ಬೇಕರಿಗೆ ಅವಳು ಅಮ್ಮನನ್ನು ಶನಿವಾರ ಶನಿವಾರ ಕರೆತರುತ್ತಿದ್ದಳು. ಅಮ್ಮ ಈಸ್ಟರ್ ಕಳೆದ ಮೇಲೆ ತೀರಿಕೊಂಡಿದ್ದಳು. ಸಮಿತಿಯವರು ಹೂಗುಚ್ಛ ಕಳಿಸಿದ್ದರು. ನಿಧಾನ ನಡೆಯುವವರಿಗೆ ದಾಟಲು ಇನ್ನಷ್ಟು ಹೊತ್ತು ಸಿಗಬೇಕು, ಅದೇ ಡೆಸ್ಪೀನಾಳ ಬೇಡಿಕೆ.

"ಲಾರಿಗಳ ದಾರಿ ಮೊದಲು ಬರ್ಲಿ, ಡೆಸ್," ಎಂದ ಹಿಂದಿನ ಅಧ್ಯಕ್ಷ ಗ್ರಾಂಟ್, ಸಿಗ್ನಲ್ಲಿನ ಗುಂಡಿ ಒತ್ತುತ್ತ. "ನಿನ್ನ ಅಜ್ಜಿಯರನ್ನ ಆಮೇಲೆ ನೋಡ್ಕೊಳ್ಳೋಣ. ಅವರಿಗೇನು ಅವಸರ?"

"ಅವಸರ ಇಲ್ದೋರಿಗೇ ಕಣೋ ಹೊತ್ತು ಬೇಕಾಗಿರೋದು."

ಹಸಿರು ಬಂತು. ಎಲ್ಲರೂ ಹೊರಟರು. ಸಿಗ್ನಲ್ಲಿನ ಹೊತ್ತು ಲೆಕ್ಕಹಾಕುವ ಕೈಪಿಡಿಯಲ್ಲಿ ಬರೆದಿಟ್ಟ ವೇಗವೇ ಅವರ ಕಾಲಿನಲ್ಲೂ ಇತ್ತು. ಡೆಸ್ಪೀನಾ ಅವರ ಜೊತೆಗೇ ನಡೆಯುತ್ತ ವಿವರಿಸಬೇಕೆಂದುಕೊಂಡಿದ್ದಳು. ಆದರೆ ಈ ರಸ್ತೆಯಲ್ಲಿ ಅವಳ ಕಾಲಿಗೆ ಗೊತ್ತಿದ್ದದ್ದು ಒಂದೇ ನಡಿಗೆ. ಎಡಗೈ ತಾನಾಗಿ ಮಡಿಚಿಕೊಂಡಿತು, ಅಲ್ಲಿ ಯಾರೋ ಜೋತುಬಿದ್ದಂತೆ. ರಸ್ತೆ ನಡುವಿನ ಕಟ್ಟೆ ಮುಟ್ಟುವಾಗ ಕೆಂಪು ಮಿನುಗುತ್ತಿತ್ತು. ಅವಳು ಅಲ್ಲೇ ನಿಂತಳು.

ಆಚೆ ಬದಿಯಿಂದ ಗ್ರಾಂಟ್ ಕೂಗಿದ. "ಅಧ್ಯಕ್ಷರೇ, ಕೋರಂ ಈ ಕಡೆ ಇದೆ. ಓಟು ಮುಗಿಸಿಬಿಡ್ಲಾ?"

ಎಲ್ಲರೂ ನಕ್ಕದ್ದು ಕೇಳಿಸಿತು. ಲಾರಿಗಳು ಸಾಲಾಗಿ ಬಂದವು. ಒಂದು ಲಾರಿಗೂ ಇನ್ನೊಂದಕ್ಕೂ ನಡುವೆ, ಎತ್ತಿದ ಕೈಗಳು ಕಂಡವು. ತಮಾಷೆಯೋ ನಿಜವೋ ಅವಳಿಗೆ ತಿಳಿಯಲಿಲ್ಲ.

ದಾಟಿ ಹೋದಾಗ ಕಾರ್ಯದರ್ಶಿ ಮೋಯಿರಾ ಬೇರೆಲ್ಲೋ ನೋಡುತ್ತ ಹೇಳಿದಳು. "ಲಾರಿ ಮೊದಲು ಅಂತಾಯ್ತು ಕಣೇ. ನಿಂದು ಎರಡನೇದು. ಪರವಾಗಿಲ್ಲ ತಾನೆ?"

"ನಡಿಗೆ ಇನ್ನೂ ಮುಗಿದಿಲ್ಲ. ನಿಮ್ಮ ಕಾರೆಲ್ಲ ಆ ಕಡೆ ಇವೆ," ಎಂದಳು ಡೆಸ್ಪೀನಾ. "ಗ್ರಾಂಟ್, ನಿನ್ನ ತೋಳು ಕೊಡು."

"ಮದುವೆ ಮೆರವಣಿಗೆನಾ?" ಎನ್ನುತ್ತಲೇ ಅವನು ತೋಳು ಕೊಟ್ಟ.

ಉಳಿದವರು ಸರಸರ ದಾಟಿ ಹೋದರು. ಇವರಿಬ್ಬರೂ ಕಟ್ಟೆಯಲ್ಲಿ ಸಿಕ್ಕಿಕೊಂಡರು. ಗ್ರಾಂಟ್ ಗಡಿಯಾರ ನೋಡಿಕೊಂಡ.

"ಇಲ್ಲಿ ನಿಂತ್ಕೊಂಡು ಏನ್ ಮಾಡ್ತಿದ್ರಿ, ನೀನೂ ನಿಮ್ಮಮ್ಮನೂ?"

"ಅಮ್ಮ ಬ್ರೆಡ್ ಮುರಿದು ತಿನ್ನೋಳು. ಮನೆ ತಲುಪೋ ಹೊತ್ತಿಗೆ ಬಿಸಿ ಇರಲ್ಲ ಅಂತ. ನಂಗೂ ಒಂದು ಚೂರು ಕೊಡೋಳು."

ಮೊಣಕೈ ಸವರುವಷ್ಟು ಹತ್ತಿರದಿಂದ ಲಾರಿಯೊಂದು ಹಾದುಹೋಯಿತು. ಅದರ ಗಾಳಿಗೆ ಗ್ರಾಂಟ್ ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡ. ಆಮೇಲೆ ಕಾಲಡಿಯ ಕಟ್ಟೆಯತ್ತ ನೋಡಿದ.

"ಇಂಥ ಕಟ್ಟೆ ನಾನು ಎಷ್ಟೋ ಕಟ್ಸಿದೀನಿ," ಎಂದ. "ನಿಂದೇ ಮೊದಲು ಹಾಕೋಣ. ನಾನು ಅವರಿಗೆ ಹೇಳ್ತೀನಿ."

ಹಸಿರು ಬಂದದ್ದೇ, ಹೇಳುವ ಆತುರದಲ್ಲಿ ಅವನು ತೋಳು ಬಿಡಿಸಿಕೊಂಡು ದಾಪುಗಾಲು ಹಾಕಿದ. ಡೆಸ್ಪೀನಾ ತನ್ನ ನಡಿಗೆಯಲ್ಲೇ ಹಿಂದೆ ಹೊರಟಳು. ಅರ್ಧ ದಾರಿಯಲ್ಲಿದ್ದಾಗ ಮತ್ತೆ ಕೈಗಳು ಮೇಲೆದ್ದವು. ಈ ಸಲ ಎಲ್ಲರೂ ಅವಳ ಕಡೆಗೇ ನೋಡುತ್ತಿದ್ದರು. ಅವಳು ಸರಿಯೆಂಬಂತೆ ತಲೆಯಾಡಿಸಿದಳು.

ಕೆಂಪು ಮಿನುಗತೊಡಗಿತು. ಯಾವ ಸಭೆಯಿಂದ ಬಂದರೂ ಅಮ್ಮ ಬಾಗಿಲಲ್ಲೇ ಕೇಳುತ್ತಿದ್ದಳು, "ನಿನ್ನ ಮಾತು ನಡೀತೇನೇ?" ಇವತ್ತು ಹೌದೆನ್ನಬಹುದಿತ್ತು. ಎಡಗೈ ಇನ್ನೂ ಮಡಿಚಿಕೊಂಡೇ ಇತ್ತು. ಅದನ್ನು ಬಿಚ್ಚದೆ ಅವಳು ಉಳಿದ ರಸ್ತೆಯನ್ನು ದಾಟಿದಳು.