ಮುಖ ಊದಿದ್ದು ಮೈ ತುಂಬಿದ್ದಲ್ಲ

ಮಲಾವಿ ಸರೋವರದ ದಂಡೆಯಲ್ಲಿ ಮೀನಿಗೆ ಹೊಗೆ ಹಾಕಿ ಮಾರುವ ಎನೆಲೆಸಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮಗಳು ತಡಾಲ ಚೊಚ್ಚಲ ಬಸುರಿ. ಏಳು ತಿಂಗಳು ತುಂಬಿ ಮುಖ ದುಂಡಗಾಗಿತ್ತು, ಬೆರಳು ದಪ್ಪಗಾಗಿ ಉಂಗುರ ಕಳಚಲು ಬರುತ್ತಿರಲಿಲ್ಲ.

"ನೋಡ್ರೇ! ನಾನು ತಿನ್ನಿಸಿದ ನ್ಸಿಮಾ ಮುದ್ದೆ ಎಲ್ಲಿಗೆ ಹೋಯ್ತು ಅಂತ ಗೊತ್ತಾಯ್ತಾ?" ಎಂದು ಓಣಿಗೆಲ್ಲ ತೋರಿಸುತ್ತಿದ್ದಳು.

ಪಕ್ಕದ ಮನೆಯ ಲೊಂಟಿಯಾ ಮಾತ್ರ ನಗಲಿಲ್ಲ. "ತಡಾಲ, ತಲೆ ನೋಯ್ತದಾ?"

"ಸಿಡಿದು ಹೋಗೋ ಹಾಗೆ ನೋಯ್ತದೆ ಅಕ್ಕಾ. ಕಣ್ಣ ಮುಂದೆ ಮಿಂಚುಹುಳ ಹಾರಿದ ಹಾಗಾಗುತ್ತೆ."

"ದೊಡ್ಡಮ್ಮ, ಇದು ಮುದ್ದೆ ಅಲ್ಲ. ಈಗಲೇ ಆಸ್ಪತ್ರೆಗೆ ಹೊರಡಿ. ನಂಗೂ ಮೊದಲ ಬಸುರಿನಲ್ಲಿ ಹೀಗೇ ಆಗಿ ಫಿಟ್ಸ್ ಬಂತು. ಮಗು ಉಳೀಲಿಲ್ಲ."

"ಬಿಡ್ತು ಅನ್ನು! ನಾನು ಐದು ಹೆತ್ತೆ. ಒಂದು ದಿನ ಆಸ್ಪತ್ರೆ ಬಾಗಿಲು ನೋಡಿದವಳಲ್ಲ."

"ನಿಮ್ಮ ಪುಣ್ಯ ದೊಡ್ಡದು. ಅದು ಮಗಳಿಗೆ ಬಳುವಳಿಯಾಗಿ ಬರಲ್ಲ ದೊಡ್ಡಮ್ಮ."

ಅತ್ತೆಯೆದುರು ಎಂದೂ ತಲೆಯೆತ್ತದ ಅಳಿಯ ಲಿಂಬಾನಿ ಬಲೆ ಹೊಲಿಯುವುದನ್ನು ಬಿಟ್ಟು ಎದ್ದ. "ನೀವು ಬೈದರೂ ಸರಿ ಅತ್ತೆ, ನಾನು ಸೈಕಲ್ ತರ್ತೀನಿ."

ತಡಾಲಳನ್ನು ಅವನು ಸೈಕಲ್ಲಿನ ಹಿಂದೆ ಕೂರಿಸಿಕೊಂಡ. ಎನೆಲೆಸಿ ಇನ್ನೊಂದು ಬಾಡಿಗೆ ಸೈಕಲ್ಲಿನ ಹಿಂದೆ ಕೂತು ದಾರಿಯುದ್ದಕ್ಕೂ ಬೈದಳು. ಆದರೆ ಆಸ್ಪತ್ರೆಯಲ್ಲಿ ಬಿ.ಪಿ. ನೋಡಿದ ನರ್ಸ್ ಜಾನೆತಿ ಡಾಕ್ಟರನ್ನು ಕೂಗಿ ಕರೆದಾಗ ಎನೆಲೆಸಿ ಬೈಗುಳ ಬಿಟ್ಟು ಮಗಳ ಪಕ್ಕಕ್ಕೆ ಓಡಿದಳು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿತ್ತು. ಬಿ.ಪಿ. ಇಳಿಯಲು ಮಾತ್ರೆ, ಫಿಟ್ಸ್ ತಡೆಯಲು ಇಂಜೆಕ್ಷನ್ ಕೊಟ್ಟು ತಡಾಲಳನ್ನು ಮಲಗಿಸಿದರು.

"ಹೊಟ್ಟೇಲಿರೋ ಮಗೂಗೂ ತಲೆನೋವಿಗೂ ಏನಮ್ಮ ನಂಟು?" ಎನೆಲೆಸಿ ಮೆಲ್ಲಗೆ ಕೇಳಿದಳು.

ಅವಳ ಬಟ್ಟೆಯ ಹೊಗೆಮೀನಿನ ವಾಸನೆ ಹಿಡಿದು ಜಾನೆತಿ ಕೇಳಿದಳು: "ನಿಮ್ಮ ಒಲೆಗೆ ಗಾಳಿ ಸರಿಯಾಗಿ ಆಡದಿದ್ರೆ ಏನಾಗುತ್ತೆ?"

"ಹೊಗೆ ಉಗುಳುತ್ತೆ. ಮನೆಮಂದಿಯೆಲ್ಲ ಕೆಮ್ತಾರೆ."

"ಮಗೂಗೆ ಅನ್ನ, ಉಸಿರು ಕೊಡೋದು ಮಾಸು. ಅದಕ್ಕೆ ತಾಯಿಯ ರಕ್ತ ಒಂದೇ ಸಮ ಹರೀಬೇಕು. ಹರಿಯದಿದ್ರೆ ಮಾಸಿನಲ್ಲಿ ಹೊಗೆಯ ಹಾಗೆ ಕೆಟ್ಟ ವಸ್ತುಗಳು ಹುಟ್ಟಿ, ಮಾಸು ಸೊರಗುತ್ತೆ. ಇದಕ್ಕೆ ಆಕ್ಸಿಡೇಟಿವ್ ಒತ್ತಡ ಅಂತಾರೆ. ಆಮೇಲೆ ಮಾಸಿನಿಂದ ಹೊರಟ ಕೆಡುಕು ತಾಯಿಯ ರಕ್ತನಾಳಕ್ಕೂ ತಟ್ಟುತ್ತೆ. ಬಿ.ಪಿ. ಏರುತ್ತೆ, ತಲೆ ಸಿಡಿಯುತ್ತೆ, ಮೈ ಊದುತ್ತೆ."

"ಅಯ್ಯೋ, ನನ್ನ ಒಲೆಯಿಂದಲೇ ಬಂತಾ?"

"ಇಲ್ಲಮ್ಮ, ಅದು ಬರೀ ಹೋಲಿಕೆ. ಇದರಲ್ಲಿ ಯಾರ ತಪ್ಪೂ ಇಲ್ಲ."

"ಹಾಗಾದ್ರೆ ಬಾವೊಬಾಬ್ ಹಣ್ಣಿನ ಶರಬತ್ತು ಕೊಡಗಟ್ಟಲೆ ಕುಡಿಸ್ತೀನಿ. ಕೆಡುಕೆಲ್ಲ ತೊಳೆದು ಹೋಗ್ಲಿ!"

ಜಾನೆತಿ ನಕ್ಕಳು. "ರುಚಿಗೆ ಕುಡಿಸಿ, ನಂಗೂ ಒಂದು ಲೋಟ ತನ್ನಿ. ಆದರೆ ಅದರಿಂದ ಇದು ಇಳಿಯಲ್ಲ. ವಿಟಮಿನ್ ಮಾತ್ರೆ ಕೊಟ್ಟೂ ನೋಡಿದ್ದಾರೆ, ತಡೆಯೋಕಾಗಿಲ್ಲ. ಔಷಧ ಬೇಕು, ದಿನಾ ತಪಾಸಣೆ ಬೇಕು, ಸರಿಯಾದ ಹೊತ್ತಿಗೆ ಹೆರಿಗೆ ಆಗಬೇಕು."

ತಡಾಲ ಆಸ್ಪತ್ರೆಯಲ್ಲೇ ಉಳಿದಳು. ದಿನ ತುಂಬುವ ಮೊದಲೇ ಡಾಕ್ಟರು ಹೆರಿಗೆ ಮಾಡಿಸಿದರು. ಹೆಣ್ಣು ಮಗು; ಅಂಗೈಯಲ್ಲಿ ಹಿಡಿಯುವಷ್ಟೇ ಇತ್ತು. ಅದರ ಅಳುವಿಗೆ ವಾರ್ಡೆಲ್ಲ ತಿರುಗಿ ನೋಡಿತು. ತಡಾಲಳೂ ಚೇತರಿಸಿಕೊಳ್ಳುತ್ತಿದ್ದಳು.

"ಮೈ ಗುಬ್ಬಚ್ಚಿದು, ಗಂಟಲು ಮಾತ್ರ ಅಜ್ಜಿದೇ," ಎಂದ ಲಿಂಬಾನಿ. ಹೇಳಿದ ಮೇಲೆ ಅವನಿಗೇ ದಿಗಿಲಾಯಿತು. ಎನೆಲೆಸಿ ಹೊಟ್ಟೆ ಹಿಡಿದು ನಕ್ಕು, ಮಗು ನೋಡಲು ಬಂದಿದ್ದ ಲೊಂಟಿಯಾಳ ಕೈ ಹಿಡಿದುಕೊಂಡು ಅತ್ತೂಬಿಟ್ಟಳು.

ಅಕ್ಕಂದಿರೇ, ತಾಯಂದಿರೇ, ಬಸುರಾದದ್ದು ತಿಳಿದ ಕೂಡಲೇ ಆಸ್ಪತ್ರೆಯಲ್ಲಿ ತೋರಿಸಿ. ಹೋದಾಗಲೆಲ್ಲ ಬಿ.ಪಿ. ಮತ್ತು ಮೂತ್ರ ನೋಡಿ ಎಂದು ಬಾಯಿಬಿಟ್ಟು ಕೇಳಿ. ಹಿಂದಿನ ಬಸುರಿನಲ್ಲಿ ಬಿ.ಪಿ. ಏರಿದ್ದರೆ ಮೊದಲ ತಿಂಗಳುಗಳಲ್ಲೇ ಹೇಳಿ. ತಡೆಯುವ ಮಾತ್ರೆ ಬೇಕೇ ಎಂದು ಡಾಕ್ಟರು ನೋಡುತ್ತಾರೆ. ಮುಖ, ಕೈ ಊದಿದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಪಕ್ಕೆಲುಬಿನ ಕೆಳಗೆ ನೋವು ಬಂದರೆ ಆ ದಿನವೇ ಹೊರಡಿ. ಬಾಣಂತಿಗೂ ಇದೇ ಮಾತು. ಗಂಡಂದಿರೇ, ಅತ್ತೆ ಬೈತಾರೆ ಅಂತ ಸುಮ್ಮನಿರಬೇಡಿ. ಬೈಗುಳ ನಾಳೆಯೂ ಸಿಗುತ್ತದೆ. ಆಸ್ಪತ್ರೆಗೆ ಹೊರಡುವ ಹೊತ್ತು ಇವತ್ತೇ.