ಬಾಗಿಲ ದೀಪದ ತಂತಿ

ಮಾದೇಶ ಡಯಾಲಿಸಿಸ್ ರೋಗಿಗಳ ವ್ಯಾನು ಓಡಿಸುತ್ತಿದ್ದ. ಬೆಳಗಿನ ಜಾವ ನಾಲ್ಕೂಕಾಲಿಗೆ ಬನ್ನೂರು ಬಿಟ್ಟು, ತಿ. ನರಸೀಪುರದ ಸುತ್ತಲಿನ ಹಳ್ಳಿಗಳಲ್ಲಿ ನಿಂತು ನಿಂತು, ಸುತ್ತೂರಿನ ಮೇಲೆ ಹಾದು, ಆರು ಗಂಟೆಯೊಳಗೆ ನಂಜನಗೂಡಿನ ಡಯಾಲಿಸಿಸ್ ಕೇಂದ್ರ ಮುಟ್ಟಬೇಕು. ಮಧ್ಯಾಹ್ನ ಅದೇ ಜನರನ್ನು ಅದೇ ದಾರಿಯಲ್ಲಿ ವಾಪಸು ಇಳಿಸಬೇಕು. ಸೋಮ, ಬುಧ, ಶುಕ್ರ ಒಂದು ಗುಂಪು. ಮಂಗಳ, ಗುರು, ಶನಿ ಇನ್ನೊಂದು. ಭಾನುವಾರ ಅವನು ಮಲಗುತ್ತಿದ್ದ. ಎದ್ದು ಊಟ ಮಾಡಿ ಮತ್ತೆ ಮಲಗುತ್ತಿದ್ದ. ಮೂರು ವರ್ಷದಿಂದ ಹೀಗೇ ನಡೆದಿತ್ತು.

ಸೋಮವಾರದ ಗುಂಪಿನಲ್ಲಿ ಪುಟ್ಟಬಸವಯ್ಯ ಎಂಬುವರಿದ್ದರು. ಅರವತ್ತಾರು ವಯಸ್ಸು, ತಿ. ನರಸೀಪುರದ ಪಕ್ಕದ ಹಳ್ಳಿ. ಮಾತು ಕಡಿಮೆ. ಹತ್ತಿದವರೇ ಕಿಟಕಿಗೆ ತಲೆ ಕೊಟ್ಟು ಕಣ್ಣು ಮುಚ್ಚಿಬಿಡುತ್ತಿದ್ದರು. ಅವರು ಏನು ಕೆಲಸ ಮಾಡಿಕೊಂಡಿದ್ದವರು ಎಂದು ಮಾದೇಶ ಯಾವತ್ತೂ ಕೇಳಿರಲಿಲ್ಲ. ಆ ಹೊತ್ತಿನಲ್ಲಿ ಯಾರನ್ನೂ ಏನೂ ಕೇಳಬೇಕೆನಿಸುವುದಿಲ್ಲ.

ಕಾರ್ತಿಕದ ಒಂದು ಶುಕ್ರವಾರ ಪುಟ್ಟಬಸವಯ್ಯ ವ್ಯಾನಿನ ಮೆಟ್ಟಿಲ ಮೇಲೆ ಮುಗ್ಗರಿಸಿದರು. ಬಾಗಿಲು ಎಳೆದರೆ ಒಳಗಡೆ ಮಾಡಿನ ದೀಪವೇನೋ ಹತ್ತುತ್ತಿತ್ತು. ಆದರೆ ಹತ್ತುವವರ ನೆರಳೇ ಮೆಟ್ಟಿಲ ಮೇಲೆ ಬಿದ್ದು ಅಲ್ಲಿ ಕತ್ತಲೆಯಾಗುತ್ತಿತ್ತು. ಅವರು ಬೀಳುವಾಗ ಬಲಗೈ ಊರಲಿಲ್ಲ, ಏನನ್ನೂ ಹಿಡಿಯಲಿಲ್ಲ. ಸೂಜಿ ಚುಚ್ಚುವ ಎಡಗೈಯನ್ನು ಬಲಗೈಯಿಂದ ಎದೆಗೆ ಅವಚಿಕೊಂಡು, ಮೊಣಕಾಲನ್ನು ಹಾಗೇ ಕಬ್ಬಿಣದ ಅಂಚಿಗೆ ಕೊಟ್ಟರು. ಪಂಚೆಯ ಮೇಲೆ ರಕ್ತ ಬಂತು. ಮಾದೇಶ ಎತ್ತಲು ಹೋದರೆ, "ಕೈ ಮುಟ್ಬ್ಯಾಡ, ಕಂಕುಳಿಗೆ ಕೈ ಆಕು" ಎಂದರು. ಅಷ್ಟೇ. ಬೈಯಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಬನ್ನೂರಿನ ಚಿಕ್ಕಮ್ಮ ಎಂಬುವರು ತಮ್ಮ ಬ್ಯಾಗಿನಿಂದ ಹತ್ತಿ ತೆಗೆದುಕೊಟ್ಟರು.

ಮರುದಿನ ಶನಿವಾರ, ನಂಜನಗೂಡಿನಲ್ಲಿ ರೋಗಿಗಳು ಒಳಗಿದ್ದಾಗ, ಮಾದೇಶ ಅಂಗಡಿಗೆ ಹೋಗಿ ಅಂಟಿಸುವ ಎಲ್‌ಇಡಿ ಪಟ್ಟಿ ತಂದ. ಕೇಂದ್ರದ ಹಿಂದಿನ ಬೇವಿನ ಮರದ ಕೆಳಗೆ ವ್ಯಾನು ನಿಲ್ಲಿಸಿ, ಮೆಟ್ಟಿಲ ಅಂಚಿನ ಒಳಮೈಗೆ ಅದನ್ನು ಅಂಟಿಸಿದ. ಬಾಗಿಲ ಪಕ್ಕದ ಕಂಬದ ಪ್ಲಾಸ್ಟಿಕ್ ಬಿಚ್ಚಿದರೆ ಒಳಗೆ ಐದು ತಂತಿ. ಬಾಗಿಲು ತೆಗೆದಾಗ ಹೊರಗೆ ಬರುವ ಗುಂಡಿ ಸ್ವಿಚ್ಚಿನಿಂದ ಒಂದು ಕಂದು ತಂತಿ ಹೊರಟಿತ್ತು. ಅದೇ ಇರಬೇಕೆಂದುಕೊಂಡು ಪಟ್ಟಿಯ ಕೆಂಪು ತಂತಿಯನ್ನು ಅದಕ್ಕೆ ಸುತ್ತಿ ಟೇಪು ಹಾಕಿದ, ಕಪ್ಪನ್ನು ವ್ಯಾನಿನ ಬಾಡಿಗೆ ಕೊಟ್ಟ. ಬಿಸಿಲು ಸೀದಾ ಮೆಟ್ಟಿಲ ಮೇಲೆ ಬೀಳುತ್ತಿತ್ತು. ಬಾಗಿಲನ್ನು ಅರ್ಧ ಎಳೆದು, ಗುಂಡಿಯನ್ನು ಬೆರಳಿನಿಂದ ಒತ್ತಿಬಿಟ್ಟು, ಅಂಗೈ ಅಡ್ಡ ಹಿಡಿದು ನೋಡಿದ. ಪಟ್ಟಿ ಒಂದು ಸಲ ಹತ್ತಿದ್ದು ಕಾಣಿಸಿತು. ಹತ್ತಿದ್ದು ಯಾವಾಗ, ಗುಂಡಿ ಒತ್ತಿದಾಗಲೋ ಬಿಟ್ಟಾಗಲೋ ಎಂದು ಮತ್ತೊಮ್ಮೆ ನೋಡುವಷ್ಟು ತ್ರಾಣ ಇರಲಿಲ್ಲ. ಪ್ಲಾಸ್ಟಿಕ್ ಮುಚ್ಚಿ, ಸೀಟಿನ ಮೇಲೆ ಅಡ್ಡಾದ.

ಸೋಮವಾರ ಬೆಳಗಿನ ಜಾವ ವ್ಯಾನಿನ ಕೀಲಿ ತಿರುಗಿಸಿದರೆ ಕಟಕಟ ಎಂದಿತು, ಸುಮ್ಮನಾಯಿತು. ಮೆಟ್ಟಿಲ ಕೆಳಗೆ ಪಟ್ಟಿ ಮಂಕಾಗಿ, ಬೂದಿಯೊಳಗಿನ ಕೆಂಡದಂತೆ, ಇನ್ನೂ ಉರಿಯುತ್ತಿತ್ತು. ಬಾಗಿಲು ಎಳೆದ. ಆರಿತು. ಹಾಕಿದ. ಹತ್ತಿತು. ಶನಿವಾರ ಮಧ್ಯಾಹ್ನದಿಂದ ಮುಚ್ಚಿದ ಬಾಗಿಲ ಹಿಂದೆ ಅದು ಹಾಗೇ ಉರಿದು, ಮೊದಲೇ ಹಳೆಯದಾಗಿದ್ದ ಬ್ಯಾಟರಿಯನ್ನು ಹೀರಿತ್ತು. ಪಟ್ಟಿಯ ತಂತಿಯನ್ನು ಕಿತ್ತು ಬಿಟ್ಟ.

ಹಾಲಿನ ಡೇರಿ ಬಾಗಿಲು ತೆಗೆಯುವವರೆಗೂ ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಆಮೇಲೆ ಕ್ಯಾನು ಹೊತ್ತು ಬಂದ ನಾಲ್ವರು ಸೇರಿ ತಳ್ಳಿದರು. ವ್ಯಾನು ನಂಜನಗೂಡು ಮುಟ್ಟಿದಾಗ ಏಳೂಕಾಲು. ಹತ್ತೂವರೆಗೆ ಇನ್ನೊಂದು ತಂಡ ಅದೇ ಮಂಚಗಳಿಗೆ ಬರಬೇಕಿತ್ತು, ಅವರೂ ದೂರದಿಂದ ಬರುವವರೇ. ಹಾಗಾಗಿ ನಾಲ್ಕು ಗಂಟೆ ಮೆಷಿನ್ನಿನ ಮೇಲಿರಬೇಕಾದವರು ಮೂರೇ ಗಂಟೆಗೆ ಏಳಬೇಕಾಯಿತು. ಚಿಕ್ಕಮ್ಮನಿಗೆ ಅಷ್ಟೇನೂ ಆಗಲಿಲ್ಲ. ಪುಟ್ಟಬಸವಯ್ಯ ಮಾತ್ರ ಆ ರಾತ್ರಿಯನ್ನೂ ಮಂಗಳವಾರದ ರಾತ್ರಿಯನ್ನೂ ಗೋಡೆಗೆ ಒರಗಿ ಕೂತೇ ಕಳೆದರು. ಮೈಯಲ್ಲಿ ಉಳಿದ ನೀರಿನಿಂದ, ಮಲಗಿದರೆ ಉಸಿರು ಕಟ್ಟುತ್ತಿತ್ತು.

ಇದನ್ನು ಬುಧವಾರ ಅವರ ಹೆಂಡತಿ ಮರಿತಾಯಮ್ಮ ವ್ಯಾನಿನ ಬಾಗಿಲಲ್ಲಿ ಹೇಳಿದರು. ಅವರ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಗಂಡನ ಪಾದ ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ, ಅದಕ್ಕೆ ಬರಿಗಾಲಲ್ಲಿ ಕರೆತಂದಿದ್ದರು. ಮಾದೇಶ ತಲೆ ತಗ್ಗಿಸಿ, "ನನ್ದೇ ತಪ್ಪು ಅಕ್ಕ. ಲೈಟ್ ಆಕಕ್ ಓಗಿ ಬ್ಯಾಟ್ರಿ ಕಳದ್ಬುಟ್ಟೆ" ಎಂದ.

ಸೀಟಿನಲ್ಲಿ ಕೂತು ಉಸಿರು ಹದಕ್ಕೆ ಬಂದ ಮೇಲೆ ಪುಟ್ಟಬಸವಯ್ಯ ಕೇಳಿದರು.

"ಯಾವ ತಂತಿಗ ಕೊಟ್ಟಿದ್ದೆ?"

"ಸ್ವಿಚ್ಚಿಂದು ಸಾ. ಕಂದು ಬಣ್ಣದ್ದು."

"ಕೆಂಪ್ನ ಅದ್ಕೆ ಕೊಟ್ಟು, ಕಪ್ಪ ಬಾಡಿಗ ಕೊಟ್ಟಾ?"

"ಹೂಂ ಸಾ."

"ಅದ್ಕೇ. ಬಾಗ್ಲ ಹಾಕ್ದಾಗ ಉರೀತದ, ತಗದ್ರ ಆರ್ತದ. ಸ್ವಿಚ್ ಕರೆಂಟ್ ಕೊಡಲ್ಲ ಕಣ, ಅರ್ತ್ ಕೊಡ್ತದ, ಬಾಗ್ಲ ತಗದ್ರ ತಂತಿಯ ಬಾಡಿಗ ಸೇರುಸ್ತದ." ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣಲ್ಲೇ, "ಇಪ್ಪತ್ತೊಂಬತ್ ವರ್ಸ ಬಸ್ ಡಿಪೋಲಿ ಎಲೆಕ್ಟ್ರಿಷಿಯನ್ ನಾನು" ಎಂದರು.

ಮಾದೇಶ ಕನ್ನಡಿಯಲ್ಲಿ ಅವರನ್ನು ನೋಡಿದ. ಮೂರು ವರ್ಷ ಅವರನ್ನು ಹೊತ್ತು ತಿರುಗಿದ್ದಾನೆ.

ಭಾನುವಾರ ಮಾದೇಶ ಮಲಗಲಿಲ್ಲ. ದೀಪ ಸರಿಮಾಡಿಸಿಕೊಳ್ಳಲೆಂದು ಹತ್ತು ಗಂಟೆಗೆ ವ್ಯಾನನ್ನು ಪುಟ್ಟಬಸವಯ್ಯನವರ ಮನೆಯ ಮುಂದೆ ತಂದು ನಿಲ್ಲಿಸಿದ. ಬುಧವಾರ, ಶುಕ್ರವಾರ ಎರಡೂ ದಿನ ಪೂರ್ತಿ ನಾಲ್ಕು ಗಂಟೆ ಮೆಷಿನ್ನಿನ ಮೇಲಿದ್ದದ್ದರಿಂದ ಅವರ ಕಾಲಿನ ಬಾವು ಇಳಿದಿತ್ತು. ಹೊಂಗೆ ಮರದ ನೆರಳಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತರು. ತೊಡೆಯ ಮೇಲೆ ಒಂದು ಹಳೆಯ ಟೆಸ್ಟ್ ಲ್ಯಾಂಪು, ಅಂದರೆ ಸೂಜಿಯಂಥ ಮೊನೆಯಿರುವ ಹಿಡಿಯೊಳಗೆ ಒಂದು ಪುಟ್ಟ ಬಲ್ಬು, ಬಾಲಕ್ಕೊಂದು ಕಚ್ಚುವ ಕ್ಲಿಪ್ಪು. ನಿವೃತ್ತರಾದ ಮೇಲೆ ಅದನ್ನು ಮುಟ್ಟಿರಲಿಲ್ಲವಂತೆ. ಮರಿತಾಯಮ್ಮ ಅಟ್ಟದ ಮೇಲಿನ ಡಬ್ಬದಿಂದ ಹುಡುಕಿ ತೆಗೆದಿದ್ದರು.

"ನಾ ಮಾಡಕ್ಕಾಗದು. ಎಡಗೈ ಎತ್ತಂಗಿಲ್ಲ, ಬಗ್ಗಂಗಿಲ್ಲ. ನೀ ಮಾಡು, ನಾ ಏಳ್ತೀನಿ," ಎಂದರು. "ಮರಿತಾಯಿ, ನೀ ಬಾಗ್ಲತಾವ ನಿಂತ್ಕ. ಅಂದಾಗ ತಗಿ, ಅಂದಾಗ ಆಕು."

ಮಾದೇಶ ವ್ಯಾನಿನೊಳಗೆ ಮಗ್ಗುಲಾಗಿ ಮಲಗಿ ಕಂಬದ ಪ್ಲಾಸ್ಟಿಕ್ ಬಿಚ್ಚಿದ. ಐದು ತಂತಿ: ಒಂದು ಕೆಂಪು, ಒಂದು ಹಸಿರು, ಒಂದು ಕಪ್ಪು, ಎರಡು ಕಂದು.

"ಕೆಂಪು ಕರೆಂಟಿಂದು ಅಲ್ವಾ ಸಾ?"

"ಬಣ್ಣ ನಂಬ್ಬ್ಯಾಡ. ಈ ಗಾಡಿ ನಿನ್ ಕೈಗ್ ಬರದ್ರೊಳಗ ಎಷ್ಟ್ ಜನ ಬಿಚ್ಚವ್ರೋ ಯಾರ್ಗ್ ಗೊತ್ತು. ಲ್ಯಾಂಪ್ಲಿ ಕೇಳು. ಕ್ಲಿಪ್ಪ ಬಾಡಿಗ ಕಚ್ಚುಸು, ಒಂದೊಂದ್ ತಂತಿಗೂ ಮೊನೆ ಚುಚ್ಚು."

ಕೆಂಪಿಗೆ ಚುಚ್ಚಿದ. ಏನೂ ಹತ್ತಲಿಲ್ಲ. ಬಾಗಿಲು ತೆಗೆದರೂ ಇಲ್ಲ, ಹಾಕಿದರೂ ಇಲ್ಲ. ಅದರ ಜಾಡು ಹಿಡಿದು ಹೋದರೆ, ಯಾರೋ ಹಿಂದೆ ಹಾಕಿಸಿ ಕಿತ್ತುಕೊಂಡು ಹೋಗಿದ್ದ ಸ್ಪೀಕರಿನ ಖಾಲಿ ತೂತಿನಲ್ಲಿ ಮುಗಿಯಿತು. ಕಪ್ಪೂ ಅದರ ಜೋಡಿಯೇ. ಹಸಿರು ಎಲ್ಲಿಂದಲೋ ಬಂದು ಎಲ್ಲಿಗೋ ಹೋಗಿತ್ತು, ಲ್ಯಾಂಪಿಗೆ ಉತ್ತರ ಕೊಡಲಿಲ್ಲ. ಕಂದು ಎರಡರಲ್ಲಿ ಒಂದಕ್ಕೆ ಚುಚ್ಚಿದಾಗ ಬಲ್ಬು ಹತ್ತಿತು.

"ಬಾಗ್ಲ ತಗಿ," ಎಂದರು ಪುಟ್ಟಬಸವಯ್ಯ.

ಮರಿತಾಯಮ್ಮ ಎರಡೂ ಕೈಯಿಂದ ಬಾಗಿಲನ್ನು ಎಳೆದರು.

"ಇನ್ನೂ ಉರೀತದೆ ಸಾ."

"ಅದಲ್ಲ. ಅದು ನಿನ್ ಮುಂದ್ಗಡೆ ಬಾಗ್ಲಿಂದು ಇರ್ಬೇಕು. ಇನ್ನೊಂದ್ ನೋಡು. ಆಕು ಮರಿತಾಯಿ."

"ಎಷ್ಟ್ ಸರ್ತಿ ಆಕ್ಸೀರಿ," ಎಂದರು ಮರಿತಾಯಮ್ಮ. ಹಾಕಿದರು.

ಎರಡನೆಯ ಕಂದು ತಂತಿಗೆ ಆ ಶನಿವಾರ ಸುತ್ತಿದ್ದ ಟೇಪಿನ ಅಂಟು ಇನ್ನೂ ಹಾಗೇ ಇತ್ತು. ಬಾಗಿಲು ಮುಚ್ಚಿದ್ದಾಗ ಲ್ಯಾಂಪು ಮಂಕಾಗಿ ಹತ್ತಿತು. ತೆಗೆದಾಗ ಆರಿತು. ಹಾಕಿದಾಗ ಹತ್ತಿತು. ಪುಟ್ಟಬಸವಯ್ಯ ಮೂರು ಸಲ ಮಾಡಿಸಿದರು.

"ತಂತಿ ಅದೇಯ. ನೀ ಇಡ್ದಿದ್ ತಂತಿ ಸರಿಯಾಗೇ ಇತ್ತು ಮಾದೇಸ. ಕೊಟ್ಟಿದ್ ಬಗೆ ತಪ್ಪು. ಕಪ್ಪ ಅದ್ಕ ಕೊಡ್ಬೇಕು. ಕೆಂಪ್ಗ ಮಾಡಿನ್ ದೀಪದ ಬೆನ್ನಿಂದ ಯಾವಾಗ್ಲೂ ಕರೆಂಟಿರ ತಂತಿ ತಕ. ಮಧ್ಯ ಒಂದ್ ಸಣ್ಣ ಫ್ಯೂಸ್ ಆಕು."

ಮರಿತಾಯಮ್ಮ ಕಾಫಿ ಮಾಡುತ್ತೇನೆಂದು ಒಳಗೆ ಹೋದರು. ಗಂಡನಿಗೆ ಇಡೀ ದಿನಕ್ಕೆ ಎರಡೂವರೆ ಲೋಟ ನೀರೆಂದು ಡಾಕ್ಟರು ಹಾಕಿಕೊಟ್ಟ ಲೆಕ್ಕ, ಅವರ ಕಣ್ಣೆದುರು ಬೇರೆಯವರಿಗೆ ಕುಡಿಯಲು ಕೊಡುತ್ತಿರಲಿಲ್ಲ. ಮಾದೇಶ ಆಮೇಲೆ ಅಡುಗೆಮನೆಗೇ ಹೋಗಿ ನಿಂತು ಕುಡಿಯಬೇಕಿತ್ತು.

ಅವನು ಮಾಡಿನ ದೀಪದ ಮುಚ್ಚಳ ಬಿಚ್ಚುತ್ತಿದ್ದಾಗ ಕುರ್ಚಿಯಿಂದ ಮಾತು ಬಂತು.

"ನಾಳಿಂದ ಡಯಾಲಿಸಿಸ್ಗ ಬರದು ಬ್ಯಾಡ ಅನ್ಕಂಡಿದ್ದೀನಿ ಕಣ."

ಮಾದೇಶನ ಕೈ ನಿಂತಿತು. ತಿರುಗಿ ನೋಡಲಿಲ್ಲ.

"ನನ್ನಿಂದ ಒಂದ್ಗಂಟೆ ಕಮ್ಮಿ ಆಯ್ತು ಅಂತನಾ ಸಾ?"

"ಅದಲ್ಲ ಬುಡು. ಅವತ್ತು ರಾತ್ರಿ ಕೂತ್ಕಂಡಿದ್ದಾಗ ಯೋಚ್ನ ಬಂತು, ಅಷ್ಟೇಯ. ನಾಕ್ ವರ್ಸ ಆಯ್ತು. ವಾರದಲ್ಲಿ ಮೂರ್ ದಿನ ಅಲ್ಲಿ ಓಯ್ತದ. ಇನ್ ಮೂರ್ ದಿನ ಅಲ್ಲಿಗ್ ಓಗ್ಬಂದ ಸುಸ್ತು ಕಳ್ಯದ್ರಲ್ಲಿ ಓಯ್ತದ. ಅವ್ಳು ನನ್ ನೀರ ಲೋಟ್ದಲ್ಲಿ ಅಳದ್ಕಂಡು ಕೂತವ್ಳ. ಒಂದ್ ಮದುವ್ಗ ಓಗಿಲ್ಲ, ತೌರ್ಮನ್ಗ ಓಗಿಲ್ಲ."

"ಅಕ್ಕನ್ಗ ಏಳಿದ್ದೀರಾ?"

"ಇಲ್ಲ."

ಬರಬೇಕು ಸಾ ಎಂದು ಮಾದೇಶ ಅನ್ನಬಹುದಿತ್ತು. ಆದರೆ ಹಾಗೆ ಹೇಳಲು ತಾನು ಯಾರು ಅನ್ನಿಸಿತು. ವಾಪಸು ದಾರಿಯಲ್ಲಿ ಅವರೆಲ್ಲರ ಮುಖ ಹೇಗಿರುತ್ತದೆ ಎಂದು ದಿನಾ ಕನ್ನಡಿಯಲ್ಲಿ ನೋಡುವವನು ಅವನೇ. ಬಾಯಿಗೆ ಬಂದದ್ದು ಬೇರೆಯೇ ಮಾತು.

"ನಾನೂವೆ ಈ ಗಾಡಿ ಬುಟ್ಬುಡನ ಅಂತ ಎರಡ್ ತಿಂಗ್ಳಿಂದ ಅನ್ಕತಾವ್ನಿ ಸಾ. ಎಂಟ್ ಗಂಟೆ ಗಂಟ ಮಲಗೋ ಕೆಲ್ಸ ಯಾವ್ದಾರ ನೋಡ್ಕಳವ ಅಂತ."

"ಯಾಕ ಬುಟ್ಟಿಲ್ಲ?"

"ಗೊತ್ತಿಲ್ಲ ಸಾ. ನಾಳಕ್ ಯಾರ್ ಓಡುಸ್ತಾರ ಅನ್ಸ್ತದ. ಅಂಗೇ ಎದ್ ಬತ್ತೀನಿ."

ಪುಟ್ಟಬಸವಯ್ಯ ಮೂಗಿನಲ್ಲಿ ಸಣ್ಣಗೆ ನಕ್ಕ ಹಾಗೆ ಕೇಳಿಸಿತು. ಮಾದೇಶ ತಂತಿಯನ್ನು ಮಾಡಿನ ಬಟ್ಟೆಯ ಹಿಂದೆ ತೂರಿಸಿ ಕಂಬಕ್ಕೆ ಇಳಿಸಿದ. ಕೆಂಪಿಗೆ ಕರೆಂಟು, ಕಪ್ಪಿಗೆ ಕಂದು. ಟೇಪು ಸುತ್ತಿದ ಮೇಲೆ ಪುಟ್ಟಬಸವಯ್ಯ ಎದ್ದು ಬಂದು, ಬಲಗೈಯಿಂದ ಗಂಟನ್ನು ಎಳೆದು ನೋಡಿ, "ಇದ ಇನ್ನೊಂದ್ ಸುತ್ ಸುತ್ತು" ಎಂದರು. ಮಾದೇಶ ಬಾಗಿಲು ಮುಚ್ಚಿದ, ಇಬ್ಬರೂ ಅದರ ಮುಂದೆ ನಿಂತರು. ಮರಿತಾಯಮ್ಮ ಕೇಳದೆಯೇ ಬಂದು ಬಾಗಿಲು ಎಳೆದರು. ಹಗಲಾದರೂ ಹೊಂಗೆ ಮರದ ನೆರಳಿನಲ್ಲಿ ಮೆಟ್ಟಿಲು ಬೆಳ್ಳಗೆ ಕಂಡಿತು. ಹಾಕಿದಾಗ, ಮಾದೇಶ ನೆಲಕ್ಕೆ ಬಗ್ಗಿ ಸಂದಿಯಲ್ಲಿ ಕಣ್ಣಿಟ್ಟು ನೋಡಿದ. ಕತ್ತಲು.

"ಸದ್ಯ," ಎಂದರು ಮರಿತಾಯಮ್ಮ.

ಸೋಮವಾರ ವ್ಯಾನು ಒಂದೇ ಸಲಕ್ಕೆ ಶುರುವಾಯಿತು. ಬನ್ನೂರಿನಲ್ಲಿ ಚಿಕ್ಕಮ್ಮ ಹತ್ತುವಾಗ ಮೆಟ್ಟಿಲನ್ನು ನೋಡಿ, ಸೀರೆ ಎತ್ತಿ ಹಿಡಿದು, ನಿಧಾನವಾಗಿ ಕಾಲಿಟ್ಟರು. ದಾರಿಯುದ್ದಕ್ಕೂ ಮಾದೇಶ ಪುಟ್ಟಬಸವಯ್ಯನವರ ಮನೆಯ ತಿರುವನ್ನೇ ಯೋಚಿಸುತ್ತಿದ್ದ. ನಿಲ್ಲಿಸುವುದೋ, ಹಾಗೇ ಹೋಗುವುದೋ. ನಿಲ್ಲಿಸಿದ. ಜಗಲಿಯ ಮೇಲೆ ಯಾರೂ ಇರಲಿಲ್ಲ. ಹಾರನ್ ಮಾಡಲು ಮನಸ್ಸಾಗಲಿಲ್ಲ. ಇಳಿದು ಹೋದ.

ಮರಿತಾಯಮ್ಮ ಬ್ಯಾಗು ಹಿಡಿದು ಹೊಸ್ತಿಲಿಗೆ ಬಂದರು.

"ಬತ್ತಾವ್ರ. ಅಂಗಿ ಆಕತಾವ್ರ," ಎಂದರು. ಆಮೇಲೆ ದನಿ ತಗ್ಗಿಸಿ, "ನಿನ್ನೆ ನೀವಿಬ್ರೂ ಮಾತಾಡಿದ್ದು ಅಡ್ಗೆಮನ್ಗ ಕೇಳುಸ್ತು. ಊಟ ಆದ್ಮೇಲೆ ನಾನೇ ಮಾತ್ ತಗದೆ. ತೌರ್ಮನ್ಗ ಓಗ್ಬೇಕು ಅಂತ ನಾ ಯಾವತ್ ಅಂದಿದ್ದೆ ಅಂದೆ. ನಾಳ ಒಂದಿನ ಓಗ್ಬನ್ನಿ, ಬುಧವಾರದ್ದ ಬುಧವಾರ ನೋಡವ ಅಂದೆ."

"ಏನಂದ್ರು?"

"ಏನೂ ಅನ್ನಿಲ್ಲ. ಎದ್ದವ್ರ."

ಪುಟ್ಟಬಸವಯ್ಯ ಹೊರಗೆ ಬಂದು ಮಾದೇಶನ ಮುಖ ನೋಡದೆ ವ್ಯಾನಿನ ಕಡೆ ನಡೆದರು. ಮೆಟ್ಟಿಲ ಮೇಲೆ ಒಂದು ಕಾಲು, ಆಮೇಲೆ ಇನ್ನೊಂದು. ತಮ್ಮ ಸೀಟಿಗೆ ಹೋಗಿ ಕೂತು ಕಿಟಕಿಗೆ ತಲೆ ಕೊಟ್ಟರು. ಐದು ಐವತ್ತಕ್ಕೆ ನಂಜನಗೂಡು ಮುಟ್ಟಿದರು.

ಮಧ್ಯಾಹ್ನ ವಾಪಸು ಬರುವಾಗ ಬಿಸಿಲು ಚುರುಗುಟ್ಟುತ್ತಿತ್ತು. ಹಿಂದಿನವರೆಲ್ಲ ಬಾಯಿ ತೆರೆದು ನಿದ್ದೆ ಹೋಗಿದ್ದರು. ಭಾನುವಾರದ ನಿದ್ದೆ ಬಿಟ್ಟದ್ದು ಮಾದೇಶನ ಕಣ್ಣಿಗೆ ಬಂದು ಕೂತಿತ್ತು. ಸುತ್ತೂರು ದಾಟಿ ಸ್ವಲ್ಪ ದೂರ ಬರುವಷ್ಟರಲ್ಲಿ ರಸ್ತೆ ಎರಡಾಗಿ ಕಾಣತೊಡಗಿತು. ಕಬ್ಬಿನ ಗದ್ದೆಯ ಪಕ್ಕ ಹುಣಸೆಮರದ ಕೆಳಗೆ ವ್ಯಾನು ನಿಲ್ಲಿಸಿದ.

"ಯಾಕ್ಲಾ?" ಎಂದರು ಪುಟ್ಟಬಸವಯ್ಯ. ಅವರು ಎಚ್ಚರವಾಗಿದ್ದರು.

"ಹತ್ ನಿಮ್ಸ ಕಣ್ ಮುಚ್ತೀನಿ ಸಾ. ಆಗ್ತಿಲ್ಲ."

"ಮಲಿಕ. ನಾ ಎಬ್ಬುಸ್ತೀನಿ."

ಮಾದೇಶ ಸ್ಟೀರಿಂಗ್ ಮೇಲೆ ತಲೆ ಇಟ್ಟ. ಎಚ್ಚರವಾದಾಗ ನೆರಳು ಒಂದು ಮಾರು ಸರಿದಿತ್ತು, ಗಡಿಯಾರ ಮುಕ್ಕಾಲು ಗಂಟೆ ಕಳೆದಿದೆ ಎಂದಿತು. ಕನ್ನಡಿಯಲ್ಲಿ ಪುಟ್ಟಬಸವಯ್ಯ ಕಣ್ಣು ಬಿಟ್ಟುಕೊಂಡು ಗದ್ದೆ ನೋಡುತ್ತಾ ಕೂತಿದ್ದರು.

"ಎಬ್ಬುಸ್ಬಾರ್ದಾ ಸಾ?"

"ಎಲ್ರೂ ಮಲಗಿದ್ರಿ," ಎಂದರು ಅವರು. "ಹೂಂ, ನಡಿ ಈಗ. ಅವ್ಳು ಅನ್ನಕ್ಕಿಟ್ಟು ಕಾಯ್ತಾ ಇರ್ತಾಳ."

ಮಾದೇಶ ಮುಖ ಒರೆಸಿಕೊಂಡು ಗೇರು ಹಾಕಿದ.