ಇಲವಾಲದವಳು

ಮೈಸೂರಿನ ಪಡುವಣ ಅಂಚಿನ ನಮ್ಮ ಕೊಪ್ಪಲಿಗೆ ಸೊಸೆಯಾಗಿ ಬಂದವಳ ಹೆಸರು ಮದುವೆಯ ಚಪ್ಪರದಲ್ಲೇ ಉಳಿದುಹೋಗುತ್ತದೆ. ಆಮೇಲೆ ಅವಳು ಯಾವ ಊರಿಂದ ಬಂದಳೋ ಆ ಊರಿನವಳು. ನಾನು ಇಲವಾಲದವಳು, ಪಕ್ಕದ ಮನೆಯ ಬೋರಮ್ಮ ಬೋಗಾದಿಯವಳು. ಅತ್ತೆ ಬೈಯುವಾಗಲೂ ಹಾಗೇ ಕರೆದರು, ಗಂಡ ಪ್ರೀತಿ ಉಕ್ಕಿದಾಗಲೂ ಹಾಗೇ ಕರೆದರು. ತವರಿನ ಹೆಸರು ದಿನಾ ಕಿವಿಗೆ ಬೀಳುತ್ತಿದ್ದರೆ ಯಾರಿಗೆ ಬೇಜಾರು ಹೇಳಿ?

ಐವತ್ತೆಂಟನೇ ಇಸವಿಯಲ್ಲಿ ಮೈಸೂರು ಬೆಳೆದು ಬೆಳೆದು ನಮ್ಮ ಹಿತ್ತಿಲಿಗೇ ಬಂತು. ರಸ್ತೆ ಬರುತ್ತದೆ, ಮನೆಗಳು ಹೋಗುತ್ತವೆ, ನಿವಾಸಿಗಳಿಗೆ ಬೇರೆ ಕಡೆ ಸೈಟು ಕೊಡುತ್ತೇವೆ ಎಂದು ಆಫೀಸರೊಬ್ಬರು ಚಾವಡಿಯಲ್ಲಿ ಬಂದು ಕೂತರು. ನಿವಾಸಿ ಅಂದರೆ ಯಾರಪ್ಪ ಎಂದು ನಾವು ಮುಖ ಮುಖ ನೋಡಿಕೊಂಡೆವು. ನಮ್ಮಲ್ಲಿ ಊರೋರು ಇದ್ದರು, ಒಲೆ ಹೂಡಿ ನೆಲೆ ನಿಂತ ಒಕ್ಕಲುಗಳಿದ್ದವು. ಅವರಲ್ಲದವರು ನೆಂಟರು, ಬಂದೋರು, ಪರಸ್ಥಳದೋರು. ನಿವಾಸಿ ಮಾತ್ರ ಯಾರೂ ಇರಲಿಲ್ಲ.

“ವಾಸ ಅಂದ್ರೆ ಇರೋದು ಕಣ್ರೀ. ಇಲ್ಲೇ ಇರೋರು ನಿವಾಸಿಗಳು” ಎಂದರು ಆಫೀಸರು.

ಅಷ್ಟೇ ತಾನೆ ಎಂದು ನಾನು ಧೈರ್ಯವಾಗಿದ್ದೆ. ಗಂಡ ಹೋದ ಮೇಲೂ ನಾನು ಇದ್ದದ್ದು ಅದೇ ಮನೆಯ ಅರ್ಧ ಭಾಗದಲ್ಲಿ. ಇನ್ನರ್ಧದಲ್ಲಿ ಮೈದುನ ಮಹದೇವು, ಅವನ ಹೆಂಡತಿ ಮಕ್ಕಳು. ನಮ್ಮತ್ತೆ ಕಣ್ಣು ಮುಚ್ಚಿದಾಗ ಅವನಿಗೆ ಚಡ್ಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಮುದ್ದೆ ನುಂಗುವುದನ್ನು ಕಲಿಸಿದವಳೇ ನಾನು.

ಪ್ರತಿ ಮನೆಯವರಿಗೂ ಊರವರೊಬ್ಬರು ಸಾಕ್ಷಿ ಹೇಳಬೇಕಿತ್ತು. ನನ್ನ ಸರದಿ ಬಂದಾಗ ಮಹದೇವು ತಾನಾಗಿಯೇ ಮುಂದೆ ಬಂದ. ಸಾಕಿದ್ದಕ್ಕೂ ಸಾರ್ಥಕವಾಯಿತು ಎಂದು ನನ್ನ ಎದೆ ಹಿಗ್ಗಿತು.

“ಇವ್ರು ಇಲ್ಲಿಯವರೇನಪ್ಪ?”

“ಅಲ್ಲ ಸಾಮಿ. ಇವ್ರು ಇಲವಾಲದೋರು. ಮನೆ ಪೂರಾ ನಂದೇಯ. ಬೇಕಾದ್ರೆ ಯಾರ್ನಾದ್ರೂ ಕೇಳಿ.”

ಆಫೀಸರು ಬೋರಮ್ಮನ ಕಡೆ ತಿರುಗಿದರು. ಅವಳಿಗೆ ಗಾಬರಿ. “ಇಲವಾಲದೋಳು ಅಂತ್ಲೇ ಸಾಮಿ ನಾವೆಲ್ಲ ಕರ್ಯೋದು” ಎಂದು ನಿಜವನ್ನೇ ಹೇಳಿ ತಲೆ ತಗ್ಗಿಸಿದಳು.

ನನ್ನ ಮೈಯೆಲ್ಲ ಉರಿದುಹೋಯಿತು. “ಲೋ ಮಾದೇವ, ನಿನ್ ಬಾಯಿಗ್ ಮಣ್ಣಾಕ! ಎತ್ತಾಡ್ಸಿದ ಕೈ ಕಣೋ ಇದು! ನನ್ನೇ ಒಕ್ಕಲೆಬ್ಬಿಸ್ತೀಯೇನೋ?”

“ಸುಮ್ಕಿರಿ ಅತ್ಗೆ. ತವರಲ್ಲಿ ನಿಮ್ಗೇನು ಕಮ್ಮಿ?”

ತವರಲ್ಲಿ ಯಾರೂ ಇಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅಪ್ಪನ ತಿಥಿಗೆ ನನ್ನ ಜೊತೆ ಬಂದು ಆ ಬಿದ್ದ ಗೋಡೆಗಳನ್ನು ಕಣ್ಣಾರೆ ನೋಡಿದವನು ಅವನೇ. ಗೊತ್ತಿದ್ದೂ ಹೇಗೆ ಬಾಯಿ ಬಂತೋ ಪಾಪಿಗೆ!

ಆಫೀಸರು ಕೆಟ್ಟವರೇನಲ್ಲ. “ಅಳಬೇಡಿ ತಾಯಿ. ಊರ ಮಾತು ಬಿಡಿ, ನಿಮ್ಮ ಹೆಸರು ಹೇಳಿ” ಎಂದರು.

ಎಷ್ಟೋ ಕಾಲದಿಂದ ನನ್ನ ಬಾಯಲ್ಲೇ ಬರದ ಮಾತು. “ದೇವಿರಮ್ಮ” ಎಂದೆ.

ಮಹದೇವು ಕೈ ಮುಗಿದ. “ನೋಡಿದ್ರಾ ಸಾಮಿ? ದೇವಿರಮ್ಮ ಅನ್ನೋರು ಈ ಊರಲ್ಲಿ ಯಾರೂ ಇಲ್ಲ.”

ಚಾವಡಿಯಲ್ಲಿ ಒಬ್ಬರೂ ಇದ್ದಾಳೆ ಎನ್ನಲಿಲ್ಲ. ಆಫೀಸರು ಮನೆಯನ್ನು ಪೂರಾ ಮಹದೇವುವಿನ ಹೆಸರಿಗೆ ಬರೆದುಕೊಂಡು ಮುಂದಿನವರನ್ನು ಕರೆದರು. ನಾನು ಬೋರಮ್ಮನ ಮುಖವನ್ನೇ ನೋಡಿದೆ. ಕೊಪ್ಪಲಿಗೆ ಬಂದ ಹೊಸದರಲ್ಲೇ ನಾನು ಅವಳ ಹೆಸರು ಕೇಳಿ ತಿಳಿದುಕೊಂಡಿದ್ದೆ. ಅವಳು ನನ್ನದನ್ನು ಕೇಳಿರಲೇ ಇಲ್ಲ.